ಔಷಧಕ್ಕೂ ಅಮಲಿಗೂ ನಡುವಿನ ಗೆರೆ



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಗುರುಗಳೇ, ಇಲ್ಲಿನ ಕೆಲವು ರಾಜ್ಯಗಳಲ್ಲಿ ಮಕ್ಕಳಿಗೆ ಗಾಂಜಾ ಗಿಡದ ಔಷಧವನ್ನು ಶಾಲೆಯಲ್ಲೇ ಕೊಡಲು ಕಾನೂನಿದೆ" ಎಂದ. ಇದನ್ನು ಮುಧೋಳದಲ್ಲಿ ನಾಲ್ಕು ಜನರ ಮುಂದೆ ಹೇಳಿದೆ. ಹಿರಿಯರೊಬ್ಬರು "ಶಿವ ಶಿವಾ" ಎಂದು ಕಿವಿ ಮುಚ್ಚಿಕೊಂಡರು. ಯುವಕನೊಬ್ಬ, "ಹಾಗಾದರೆ ಅದು ಔಷಧವೇ ಆಯಿತಲ್ಲ ಸರ್, ಪೊಲೀಸರೇಕೆ ಹಿಡಿಯುತ್ತಾರೆ?" ಎಂದು ನಕ್ಕ. ಇಬ್ಬರ ಮಾತೂ ತಪ್ಪು. ಈ ಎರಡು ತಪ್ಪುಗಳ ನಡುವೆ ಸಿಕ್ಕಿ ನರಳುವುದು ಶಾಲೆಗೆ ಬರುವ ಕಾಯಿಲೆಯ ಮಗು. ಆ ಮಗುವಿನ ಪರವಾಗಿ ಈ ಬರಹ.

ಮೊದಲು ಅಮೆರಿಕದ ಸಂಗತಿ. ಅಲ್ಲಿ ನ್ಯೂಜೆರ್ಸಿ ರಾಜ್ಯ 2015ರಲ್ಲಿ, ಕೊಲೊರಾಡೊ 2016ರಲ್ಲಿ ಇಂಥ ಕಾನೂನು ಮಾಡಿದವು. ಮಕ್ಕಳು ಶಾಲೆಯಲ್ಲಿ ಗಾಂಜಾ ಸೇದಬಹುದೆಂಬುದು ಅದರ ಅರ್ಥವಲ್ಲ. ಕೊಲೊರಾಡೊದ ಕಾನೂನಿನ ಪ್ರಕಾರ ಔಷಧವು ಹೊಗೆಯ ರೂಪದಲ್ಲಿ ಇರಕೂಡದು. ಪಾಲಕರೇ ಬಂದು ಕೊಡಬೇಕು. ಉಳಿದದ್ದನ್ನು ಶಾಲೆಯ ಆವರಣದಿಂದ ಹೊರಗೆ ಒಯ್ಯಬೇಕು. ಎರಡು ವರ್ಷಗಳ ನಂತರ ಅಲ್ಲಿನ ಶಾಲೆಯ ಸಿಬ್ಬಂದಿಗೂ ಕೊಡುವ ಅವಕಾಶ ದೊರೆಯಿತು. ಇಷ್ಟೆಲ್ಲ ಕಟ್ಟುಪಾಡು ಯಾರಿಗಾಗಿ? ದಿನಕ್ಕೆ ಹತ್ತಾರು ಸಲ ಮೂರ್ಛೆ ಬೀಳುವ, ಬೇರೆ ಮಾತ್ರೆಗಳಿಗೆ ಬಗ್ಗದ ರೋಗವಿರುವಂಥ ಮಕ್ಕಳಿಗಾಗಿ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಗಿಡದಿಂದ ಬೇರ್ಪಡಿಸಿದ ಕ್ಯಾನಬಿಡಿಯಾಲ್ ಎಂಬ ದ್ರವೌಷಧವನ್ನು ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ ಎರಡು ತೀವ್ರ ಬಗೆಯ ಮೂರ್ಛೆರೋಗಗಳಿಗೆ ಒಪ್ಪಿತು. ಅದರಲ್ಲಿ ಅಮಲು ತರುವ ಗುಣವಿಲ್ಲ.

ಇದು ಪರದೇಶದ ಹೊಸ ಹುಚ್ಚು ಎನ್ನುವವರು ನಮ್ಮ ನೆಲದ ಚರಿತ್ರೆಯನ್ನು ಓದಲಿ. 1839ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಓಶಾಗ್ನೆಸಿ ಎಂಬ ಐರಿಷ್ ವೈದ್ಯ, ನಲವತ್ತು ದಿನದ ಹಸುಗೂಸಿನ ಸೆಳೆತಕ್ಕೆ ಇದೇ ಗಿಡದ ಸಾರವನ್ನು ಹನಿಹನಿಯಾಗಿ ಕೊಟ್ಟ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಆಯುರ್ವೇದದಲ್ಲಂತೂ 'ವಿಜಯಾ' ಎಂಬ ಹೆಸರಿನಿಂದ ಇದು ಪರಿಚಿತವೇ.

ಆದರೆ ನಗುವ ಯುವಕರಿಗೆ ಒಂದು ಮಾತು. ಔಷಧವೆಂದರೆ ಅಳತೆ, ಔಷಧವೆಂದರೆ ವೈದ್ಯ, ಔಷಧವೆಂದರೆ ರೋಗ. ಈ ಮೂರೂ ಇಲ್ಲದ ಸೊಪ್ಪು ಔಷಧವಲ್ಲ. ತೊಗರಿ ಸಾಲಿನ ನಡುವೆ ಕದ್ದು ಬೆಳೆದ ಗಿಡಕ್ಕೆ ಯಾವ ಅಳತೆ? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ನಮ್ಮ ನೆರೆಯ ಕಾಳಗಿ ತಾಲ್ಲೂಕಿನ ಕುರಿದೊಡ್ಡಿಯೊಂದರ ನೆಲದಡಿಯಿಂದ 1,300 ಕಿಲೋಗೂ ಹೆಚ್ಚು ಗಾಂಜಾ ಹೊರತೆಗೆದರಲ್ಲ, ಅದು ಯಾವ ರೋಗಿಯ ಮಂಚದ ಬಳಿಗೆ ಹೊರಟಿತ್ತು? ಹದಿಹರೆಯದ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ಸೇದುವ ಚಟ ಹಿಡಿದರೆ ನೆನಪು, ಏಕಾಗ್ರತೆ, ಮನಸ್ಸಿನ ಸ್ಥಿಮಿತ ಎಲ್ಲಕ್ಕೂ ಕುತ್ತು. ರೋಗಿಯ ಹೆಸರು ಹೇಳಿ ಚಟಕ್ಕೆ ಮರ್ಯಾದೆ ಕೇಳುವುದು ರೋಗಿಗೇ ಮಾಡುವ ದ್ರೋಹ.

ಇನ್ನು ಕಾನೂನು. 1985ರ ಮಾದಕ ವಸ್ತುಗಳ ಕಾಯ್ದೆಯು ಗಿಡದ ಹೂಬಿಟ್ಟ ತುದಿಯನ್ನು ಗಾಂಜಾ ಎಂದು ಕರೆದು ನಿಷೇಧಿಸಿತು. ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಭಂಗಿಯು ಈ ಕಾಯ್ದೆಯ ನಿಷೇಧದೊಳಗೆ ಬರುವುದಿಲ್ಲವೆಂದು 2022ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಜಾಮೀನಿನ ಪ್ರಕರಣವೊಂದರಲ್ಲಿ ಹೇಳಿತು. ಅದೇ ಕಾಯ್ದೆಯ 8ನೆಯ ಕಲಮು ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಬಾಗಿಲು ತೆರೆದಿಟ್ಟಿದೆ. ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮು ಇನ್ನೂ ಸ್ಪಷ್ಟ: ಮಗುವಿಗೆ ಮದ್ಯ, ತಂಬಾಕು ಅಥವಾ ಮಾದಕ ವಸ್ತು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದರೆ ಅದರಲ್ಲೇ ಒಂದು ವಿನಾಯಿತಿಯಿದೆ: ಅರ್ಹ ವೈದ್ಯರ ಆದೇಶದ ಮೇರೆಗೆ ಕೊಟ್ಟದ್ದು ಅಪರಾಧವಲ್ಲ. ಔಷಧಕ್ಕೂ ಅಮಲಿಗೂ ನಡುವೆ ಎಳೆಯಬೇಕಾದ ಗೆರೆಯನ್ನು ಶಾಸನ ಆಗಲೇ ಎಳೆದಿದೆ. ಅದು ಕಾಣದಿರುವುದು ನಮ್ಮ ಶಾಲೆಗಳಿಗೆ ಮಾತ್ರ!

ಗಾಂಜಾ ಔಷಧದ ಪ್ರಶ್ನೆ ನಮ್ಮ ಊರಿಗೆ ಇನ್ನೂ ಬಂದಿಲ್ಲವೆಂದು ನೀವು ಹೇಳಬಹುದು. ಬಂದಿದೆ, ಬೇರೆ ವೇಷದಲ್ಲಿ ಬಂದಿದೆ. ಮೂರ್ಛೆರೋಗದ ಬಡಮಕ್ಕಳು ದಶಕಗಳಿಂದ ನುಂಗುತ್ತಿರುವ ಫಿನೋಬಾರ್ಬಿಟಾಲ್ ಎಂಬ ಅಗ್ಗದ ಮಾತ್ರೆ, ಕ್ಲೊಬಜಾಮ್, ಕ್ಲೊನಜಿಪಾಮ್, ಇವೆಲ್ಲವೂ ಅದೇ 1985ರ ಕಾಯ್ದೆಯ ಅನುಸೂಚಿಯಲ್ಲಿರುವ ವಸ್ತುಗಳು. ಮಿಡಜೋಲಾಮ್ ಕೂಡ ಅದರಲ್ಲಿದೆ. ಸೆಳೆತ ಐದು ನಿಮಿಷ ದಾಟಿದರೆ ಮೂಗಿಗೆ ಸಿಂಪಡಿಸಲು ವೈದ್ಯರು ಬರೆದುಕೊಡುವುದು ಅದನ್ನೇ. ಮುಧೋಳದ ಮಗುವನ್ನು ಸೇಡಂ ದವಾಖಾನೆಗೆ ಮುಟ್ಟಿಸುವಷ್ಟರಲ್ಲಿ ಆ ಐದು ನಿಮಿಷ ಎಂದೋ ಕಳೆದಿರುತ್ತದೆ. ಸೆಳೆತ ಹಾಗೆಯೇ ಮುಂದುವರಿದರೆ ಮಿದುಳಿಗೆ ಹಾನಿ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಆ ಪುಟ್ಟ ಸೀಸೆ ಶಾಲೆಯಲ್ಲಿ ಇರಬೇಕೋ ಬೇಡವೋ?

ನಾನು ಬಲ್ಲ ಶಾಲೆಯೊಂದರಲ್ಲಿ, ಹೆಸರು ಬೇಡ, ತಾಯಿಯೊಬ್ಬಳು ಮಗನ ಮಾತ್ರೆಯ ಚೀಟಿ ತಂದಾಗ ಆಕೆಗೆ ಸಿಕ್ಕ ಉತ್ತರ ಇದು: "ಇಂಥ ಔಷಧಿ ನಾವು ಇಟ್ಟುಕೊಳ್ಳುವುದಿಲ್ಲ, ನಾಳೆ ಏನಾದರೂ ಆದರೆ ಯಾರು ಹೊಣೆ? ಪೂರ್ತಿ ವಾಸಿಯಾದ ಮೇಲೆ ಕಳಿಸಿ." ಆ ಹುಡುಗ ಮರಳಿ ಶಾಲೆಗೆ ಬರಲೇ ಇಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ! 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕಕೂಡದೆನ್ನುತ್ತದೆ. ಬಾಗಿಲು ತೋರಿಸದೆ, ಭಯ ತೋರಿಸಿ ಕಳಿಸಿದರೆ ಅದು ಹೊರಹಾಕಿದಂತಲ್ಲವೇ?

"ಔಷಧ ಕೊಡುವುದು ಶಿಕ್ಷಕರ ಕೆಲಸವಲ್ಲ" ಎಂಬ ವಾದವನ್ನು ನಾನು ಒಪ್ಪಲಾರೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಲ್ಬೆಂಡಜೋಲ್ ಮಾತ್ರೆ ಕೊಡುವವರು ಯಾರು? ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆಯನ್ನು ಎದುರಿಗೇ ನಿಂತು ನುಂಗಿಸುವವರು ಯಾರು? ನಮ್ಮ ಶಿಕ್ಷಕರೇ. ಇಲಾಖೆ ಆದೇಶಿಸಿದರೆ ಸಾವಿರ ಮಕ್ಕಳಿಗೆ ಕೊಡಬಲ್ಲವರು, ವೈದ್ಯರು ಬರೆದುಕೊಟ್ಟರೂ ಒಂದು ಮಗುವಿಗೆ ಕೊಡಲಾರರೆ? ಹೊಣೆಯ ಭಯ ಸುಳ್ಳಲ್ಲ; ಸಂಬಳ, ನೌಕರಿ ನೆಚ್ಚಿದವನ ಭಯ ನನಗೂ ಗೊತ್ತು. ಆದರೆ ಆ ಭಯಕ್ಕೆ ಮದ್ದು ಲಿಖಿತ ನಿಯಮ. ಮಗುವನ್ನು ಮನೆಗೆ ಕಳಿಸಿದರೆ ಭಯ ಹೋಗುವುದಿಲ್ಲ, ಮಗು ಹೋಗುತ್ತದೆ.

ಜೂನ್ 26 ಬಂದರೆ ಮಾದಕ ವಸ್ತು ವಿರೋಧಿ ದಿನವೆಂದು ಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಲ್ಲಿ ಮೆರವಣಿಗೆ ಮಾಡಿಸುತ್ತೇವೆ. ಮಾಡಿಸಲಿ. ಆದರೆ "ಮಾದಕ ವಸ್ತು ವಿಷ" ಎಂಬ ಒಂದೇ ಸಾಲು ಕಲಿಸಿದರೆ, ಫಿಟ್ಸ್ ಮಾತ್ರೆ ನುಂಗುವ ಗೆಳೆಯನನ್ನು ಮಕ್ಕಳು ಅಮಲುಕೋರನೆಂದು ತಿಳಿಯುತ್ತಾರೆ. ಇತ್ತ ಜಾಲತಾಣದಲ್ಲಿ "ಗಾಂಜಾ ಔಷಧ" ಎಂದು ಓದಿದ ಹುಡುಗ ಗುರುಗಳು ಸುಳ್ಳು ಹೇಳಿದರೆಂದು ತಿಳಿಯುತ್ತಾನೆ. ಅರ್ಧ ಸತ್ಯ ಎರಡೂ ಕಡೆ ಕೆಡಿಸುತ್ತದೆ.

ನಾನು ಕೇಳುವುದು ಹೆಚ್ಚೇನಲ್ಲ. ಪ್ರತಿ ಶಾಲೆಯಲ್ಲೂ ಬೀಗವಿರುವ ಒಂದು ಕಪಾಟು. ವೈದ್ಯರ ಚೀಟಿ ಮತ್ತು ಪಾಲಕರ ಒಪ್ಪಿಗೆ ಪತ್ರದ ಕಡತ. ಕೊಟ್ಟ ದಿನ, ಹೊತ್ತು, ಪ್ರಮಾಣ ಬರೆಯುವ ವಹಿ. ಸೆಳೆತ ಬಂದಾಗ ಮಗುವನ್ನು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಗಡಿಯಾರ ನೋಡಬೇಕು ಎಂದು ಬಲ್ಲ ಇಬ್ಬರು ಶಿಕ್ಷಕರು. ಕೈಗೆ ಕಬ್ಬಿಣದ ಕೀಲಿ ಕೊಡುವ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವ ಕಾಲ ಮುಗಿಯಬೇಕು. ಶಿಕ್ಷಣ ಇಲಾಖೆಯ ಒಂದು ಸ್ಪಷ್ಟ ಸುತ್ತೋಲೆ ಇದಕ್ಕೆ ಸಾಕು. ನಾಳೆ ಕ್ಯಾನಬಿಡಿಯಾಲ್ ಸೀಸೆಯೇ ಸೇಡಂ ವೈದ್ಯರ ಚೀಟಿಯಲ್ಲಿ ಬಂದರೂ ಅದೇ ಕಪಾಟು, ಅದೇ ವಹಿ, ಅದೇ ನಿಯಮ ಸಾಲುತ್ತದೆ. ವೈದ್ಯರ ಚೀಟಿಯಿಲ್ಲದೆ ಬಂದರೆ, ಅದು 'ವಿಜಯಾ' ಎಂಬ ಹೆಸರಿನದೇ ಆಗಿರಲಿ, ಬುತ್ತಿಯ ಡಬ್ಬಿಯಲ್ಲಿ ಅದಕ್ಕೆ ಜಾಗವಿಲ್ಲ.

ನನ್ನ ಶಿಷ್ಯರಲ್ಲಿ ಇಂದು ಮುಖ್ಯಗುರುಗಳಿದ್ದೀರಿ, ವೈದ್ಯರಿದ್ದೀರಿ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಶಾಲಾ ಸಮಿತಿಗಳಲ್ಲಿ ಕುಳಿತವರಿದ್ದೀರಿ. ಮುಂದಿನ ಸಭೆಯಲ್ಲಿ ಈ ಕಪಾಟಿನ ಮಾತನ್ನು ಎತ್ತಿರಿ. ಗುರುದಕ್ಷಿಣೆ ಎಂದು ನಾನು ಯಾರಲ್ಲೂ ಏನೂ ಕೇಳಿದವನಲ್ಲ. ಇದೊಂದನ್ನು ಕೇಳುತ್ತಿದ್ದೇನೆ.