ತಪ್ಪು ಯಾರದೆಂದು ಕೇಳುವ ಮೊದಲು

ರಸ್ತೆ ಅಪಘಾತದ ಮಾತು ಬಂದರೆ ನಮ್ಮಲ್ಲಿ ಚರ್ಚೆಯೆಲ್ಲ ದಂಡದ ಸುತ್ತಲೇ ತಿರುಗುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದಾಗ ಕುಡಿದು ಓಡಿಸಿದರೆ ಹತ್ತು ಸಾವಿರ, ಹೆಲ್ಮೆಟ್ ಇಲ್ಲದಿದ್ದರೆ ಒಂದು ಸಾವಿರ ಎಂಬ ಪಟ್ಟಿ ಎಲ್ಲರ ಮೊಬೈಲಿನಲ್ಲೂ ಹರಿದಾಡಿತು. ಜನ ಗೊಣಗಿದರು, ಕರ್ನಾಟಕ ಸರ್ಕಾರ ಕೆಲವು ದಂಡಗಳನ್ನು ಇಳಿಸಿತು, 2023ರಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿಯನ್ನೂ ಕೊಟ್ಟಿತು. ಅದೇ ತಿದ್ದುಪಡಿ ಗಾಯಗೊಂಡವರ ಮತ್ತು ಸತ್ತವರ ಮನೆಯವರ ಪರಿಹಾರದ ನಿಯಮಗಳನ್ನೂ ಬದಲಿಸಿತ್ತು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ದಂಡ ಸೇರುವುದು ಸರ್ಕಾರದ ಖಜಾನೆಗೆ. ಕಾಲು ಕಳೆದುಕೊಂಡವನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಒಂದು ಅಪಘಾತದಿಂದ ಎರಡು ಕೇಸು ಹುಟ್ಟುತ್ತವೆ. ಒಂದು ಕ್ರಿಮಿನಲ್. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಪ್ರಕಾರ ಅಜಾಗರೂಕ ಚಾಲನೆಗೆ ಆರು ತಿಂಗಳವರೆಗೆ ಸೆರೆ ಅಥವಾ ಒಂದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಪ್ರಾಣ ಹೋಗಿದ್ದರೆ 106ನೇ ಕಲಂ, ಐದು ವರ್ಷದವರೆಗೆ ಸೆರೆ. ಇನ್ನೊಂದು, ವಕೀಲರು ಎಂವಿಸಿ ಎಂದು ಕರೆಯುವ ಪರಿಹಾರದ ಕ್ಲೇಮು ಕೇಸು. ಕ್ರಿಮಿನಲ್ ಕೇಸಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ತಪ್ಪು ರುಜುವಾಗಬೇಕು. ಕ್ಲೇಮಿನಲ್ಲಿ ಹೀಗೇ ನಡೆದಿರುವ ಸಂಭವ ಹೆಚ್ಚು ಎನಿಸಿದರೆ ಸಾಕು. ಹಾಗಾಗಿ ಚಾಲಕ ಖುಲಾಸೆಯಾದ ಮಾತ್ರಕ್ಕೆ ಕ್ಲೇಮು ಬಿದ್ದುಹೋಗುವುದಿಲ್ಲ. ಎಷ್ಟೋ ಕುಟುಂಬಗಳು ಇದು ಗೊತ್ತಿಲ್ಲದೆ ಅಲ್ಲಿಗೇ ಕೈಚೆಲ್ಲುತ್ತವೆ. ಅತ್ತ ಅಲೆದಾಟ ಬೇಡವೆಂದು ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬರುವ ಚಾಲಕನಿಗೂ, ಆ ಒಪ್ಪಿಗೆಯೇ ನಾಳೆ ಕ್ಲೇಮಿನಲ್ಲಿ ತನ್ನ ಎದುರು ಸಾಕ್ಷ್ಯವಾಗಿ ಬಂದು ನಿಲ್ಲುತ್ತದೆಂಬ ಅರಿವಿರುವುದಿಲ್ಲ.

ಆದರೆ ಎರಡು ಕೋರ್ಟುಗಳೂ ಕೇಳುವ ಮೊದಲ ಪ್ರಶ್ನೆ ಒಂದೇ: ತಪ್ಪು ಯಾರದು? ಶಿಕ್ಷೆ ಕೊಡುವ ಕೋರ್ಟು ಹಾಗೆ ಕೇಳಲೇಬೇಕು. ಪರಿಹಾರ ಕೊಡುವ ಕೋರ್ಟೂ ಅಲ್ಲಿಂದಲೇ ಯಾಕೆ ಶುರುಮಾಡಬೇಕು ಎಂಬುದು ನನ್ನ ತಕರಾರು.

ಈ ಪ್ರಶ್ನೆಯ ಮೇಲೆ ಎಷ್ಟು ಹಣ ನಿಂತಿದೆ ನೋಡಿ. ತಿಂಗಳಿಗೆ 12 ಸಾವಿರ ದುಡಿಯುತ್ತಿದ್ದ 30 ವರ್ಷದ ಗಾರೆ ಕೆಲಸದವನೊಬ್ಬ ಲಾರಿ ಬಡಿದು ಸತ್ತನೆನ್ನಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಸುಪ್ರೀಂ ಕೋರ್ಟು 2009 ಮತ್ತು 2017ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ ಮುಂದಿನ ಗಳಿಕೆಗೆಂದು ಶೇ. 40 ಸೇರಿಸಬೇಕು, ಸ್ವಂತ ಖರ್ಚಿಗೆಂದು ಮೂರರಲ್ಲೊಂದು ಪಾಲು ಕಳೆಯಬೇಕು, ಉಳಿದ ವಾರ್ಷಿಕ ಮೊತ್ತವನ್ನು ಅವನ ವಯಸ್ಸಿಗೆ ಗೊತ್ತಾದ 17ರಿಂದ ಗುಣಿಸಬೇಕು. 22 ಲಕ್ಷ 84 ಸಾವಿರ ಬರುತ್ತದೆ; ಅಂತ್ಯಕ್ರಿಯೆ ಖರ್ಚು ಮುಂತಾದವು ಬೇರೆ. ಲಾರಿ ಚಾಲಕನ ತಪ್ಪು ರುಜುವಾಗದಿದ್ದರೆ? ಮೋಟಾರು ವಾಹನ ಕಾಯ್ದೆಯಲ್ಲಿ ತಪ್ಪನ್ನು ಕೇಳದೆಯೇ ಕೊಡುವ 164ನೇ ಕಲಂ ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಮಕ್ಕಳ ಹಸಿವು ಎರಡು ಸಂದರ್ಭದಲ್ಲೂ ಅಷ್ಟೇ. ಹದಿನೇಳೂ ಮುಕ್ಕಾಲು ಲಕ್ಷದ ಅಂತರ ಮಾತ್ರ ಸ್ಪಾಟ್ ಮಹಜರಿನ ಮೇಲೆ, ನಕಾಶೆಯಲ್ಲಿ ಲಾರಿಯನ್ನು ಎಡಕ್ಕೆ ಬರೆದರೋ ಬಲಕ್ಕೆ ಬರೆದರೋ ಎಂಬುದರ ಮೇಲೆ ನಿಂತಿದೆ.

ಇಷ್ಟು ದೊಡ್ಡ ಮೊತ್ತ ಒಂದು ಕಾಗದವನ್ನು ನೆಚ್ಚಿಕೊಂಡಾಗ ಆ ಕಾಗದ ಶುದ್ಧವಾಗಿ ಉಳಿಯುವುದಿಲ್ಲ. ಲೈಸೆನ್ಸ್ ಇಲ್ಲದ ಮಗ ಓಡಿಸಿದ್ದರೆ ಠಾಣೆಯಲ್ಲಿ ಶರಣಾಗುವುದು ಮನೆಯ ಡ್ರೈವರು. ತಾನೇ ಜಾರಿ ಬಿದ್ದವನ ಕೇಸಿನಲ್ಲಿ ವಿಮೆ ಇರುವ ಇನ್ನೊಂದು ಗಾಡಿ ಎಲ್ಲಿಂದಲೋ ಪ್ರತ್ಯಕ್ಷವಾಗುತ್ತದೆ. ದೂರು ತಡವಾಯಿತು ಎಂದು ವಿಮಾ ಕಂಪನಿ ಪ್ರಾಮಾಣಿಕರನ್ನೂ ಅನುಮಾನಿಸುತ್ತದೆ. ಸುಳ್ಳು ಕ್ಲೇಮು ಹಾಕುವವರನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ನಿಜ ಹೇಳಿದವರ ಕೈ ಬರಿದಾಗಿಸಿ, ಕತೆ ಕಟ್ಟಿದವರಿಗೆ ಲಕ್ಷಗಟ್ಟಲೆ ಕೊಡುವ ವ್ಯವಸ್ಥೆಯಲ್ಲಿ ಸುಳ್ಳು ಹುಟ್ಟದಿದ್ದರೆ ಅಚ್ಚರಿ.

ನನ್ನ ತಕರಾರಿಗೆ ಬಲವಾದ ಆಕ್ಷೇಪವೊಂದಿದೆ. ತಪ್ಪನ್ನು ಕೇಳದೆ ಹಣ ಕೊಟ್ಟರೆ ಅಡ್ಡಾದಿಡ್ಡಿ ಓಡಿಸಿದವನಿಗೂ ಬಹುಮಾನ ಕೊಟ್ಟಂತಾಗುವುದಿಲ್ಲವೇ? ಹಾಸನ ಜಿಲ್ಲೆಯ ಪ್ರಕರಣವೊಂದರಲ್ಲಿ, ಅತಿವೇಗದಿಂದ ಕಾರು ಓಡಿಸಿ ತನ್ನ ತಪ್ಪಿನಿಂದಲೇ ಸತ್ತವನ ಮನೆಯವರಿಗೆ ಪರಿಹಾರವಿಲ್ಲ ಎಂದ ಹೈಕೋರ್ಟಿನ ತೀರ್ಪಿನಲ್ಲಿ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಕೈಹಾಕಲಿಲ್ಲ. ಇಂದಿನ ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ತಪ್ಪು ಮಾಡಿದವನು ಸತ್ತಿದ್ದಾನೆ, ಅರ್ಜಿ ಹಾಕಿದವರು ಸ್ಟೇರಿಂಗ್ ಮುಟ್ಟಿದವರಲ್ಲ. ಬಾಗಲಕೋಟೆ ಕಡೆಯ ಇನ್ನೊಂದು ಪ್ರಕರಣ ಇದಕ್ಕಿಂತ ಕಷ್ಟದ್ದು. ಬೇರೆಯವರ ಬೈಕು ಕೇಳಿ ಪಡೆದು ಊರಿಗೆ ಹೊರಟವನು, ಮುಂದೆ ಹೋಗುತ್ತಿದ್ದ ಎತ್ತಿನಗಾಡಿ ತಟ್ಟನೆ ನಿಂತಾಗ ಅದಕ್ಕೆ ಬಡಿದು ಸತ್ತ. ಬೈಕು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಕೇಳದ ಆಗಿನ 163ಎ ಕಲಮಿನಡಿಯೂ ಅವನ ಮನೆಯವರು ಕ್ಲೇಮು ಮಾಡುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಹಳ್ಳಿಗಳಲ್ಲಿ ಅಣ್ಣನದೋ ಗೆಳೆಯನದೋ ಬೈಕು ತೆಗೆದುಕೊಂಡು ಹೋಗದವರು ಯಾರಿದ್ದಾರೆ?

ಇಷ್ಟಕ್ಕೂ ತಪ್ಪು ಮಾಡಿದವನೇ ತೆರಬೇಕೆಂಬ ತತ್ವವನ್ನು ನಾವು ಯಾವತ್ತೋ ಕೈಬಿಟ್ಟಿದ್ದೇವೆ. 1939ರ ಕಾಯ್ದೆಯಲ್ಲೇ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಅಂದಿನಿಂದ ಲಾರಿ ಚಾಲಕನ ತಪ್ಪಿಗೆ ಹಣ ಕೊಡುತ್ತಿರುವುದು ವಿಮಾ ಕಂಪನಿ, ಅಂದರೆ ಪ್ರೀಮಿಯಂ ಕಟ್ಟುವ ನಾವೆಲ್ಲ. ಕೊಡುವವರು ಎಲ್ಲರೂ ಆದ ಮೇಲೆ, ಪಡೆಯುವವರನ್ನು ಮಾತ್ರ ಇನ್ನೊಬ್ಬನ ತಪ್ಪಿನ ಪುರಾವೆ ತರಲು ಕಳಿಸುವುದರಲ್ಲಿ ಅರ್ಥವೇನು? ನ್ಯೂಜಿಲೆಂಡ್ 1974ರಲ್ಲೇ ಈ ಗಂಟನ್ನು ಬಿಡಿಸಿಕೊಂಡಿತು. ಅಲ್ಲಿ ಅಪಘಾತದ ಗಾಯಕ್ಕೆ ಚಿಕಿತ್ಸೆ, ದುಡಿಮೆ ನಿಂತಿದ್ದಕ್ಕೆ ಹಣ ಸಾರ್ವಜನಿಕ ನಿಧಿಯಿಂದ ಬರುತ್ತದೆ. ಪರಿಹಾರಕ್ಕಾಗಿ ಚಾಲಕನ ಮೇಲೆ ದಾವೆ ಹೂಡುವಂತಿಲ್ಲ. ಕುಡಿದು ಓಡಿಸಿದವನು ಜೈಲಿಗೆ ಹೋಗುವುದು ಇದರಿಂದೇನೂ ನಿಂತಿಲ್ಲ.

ಅದನ್ನು ಹಾಗೇ ಎತ್ತಿ ತರಬೇಕೆಂದಲ್ಲ. ತಪ್ಪು ಕೇಳದೆ ಕೊಡುವ ಮೊತ್ತ ಒಂದು ಮನೆ ಕೆಲವು ವರ್ಷವಾದರೂ ನಡೆಯುವಷ್ಟಿರಲಿ, ಬೆಲೆಯೇರಿಕೆಯ ಜೊತೆ ತಾನಾಗಿ ಏರಲಿ; ಅದಕ್ಕಿಂತ ಮೇಲಿನದಕ್ಕೆ ಬೇಕಾದರೆ ತಪ್ಪಿನ ವಿಚಾರಣೆ ನಡೆಯಲಿ. ತಾನಾಗಿ ಏರಲಿ ಎನ್ನಲು ಕಾರಣವಿದೆ. 1994ರಲ್ಲಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ದುಡಿಮೆಯಿಲ್ಲದವರ ವಾರ್ಷಿಕ ಆದಾಯವೆಂದು ಬರೆದ 15 ಸಾವಿರ ರೂಪಾಯಿ 2018ರವರೆಗೂ ಅಲ್ಲೇ ಕೂತಿತ್ತು. ಪ್ರೀಮಿಯಂ ಹೆಚ್ಚಾಗುತ್ತದೆ, ನಿಜ. ಥರ್ಡ್ ಪಾರ್ಟಿ ದರವನ್ನು ಗೊತ್ತುಮಾಡುವುದು ಕೇಂದ್ರ ಸರ್ಕಾರವೇ. ಪದೇ ಪದೇ ಸಿಗ್ನಲ್ ಹಾರಿಸಿದ ಗಾಡಿಗೂ ಒಂದೂ ಚಲನ್ ಇಲ್ಲದ ಗಾಡಿಗೂ ಒಂದೇ ದರ ಏಕಿರಬೇಕು? ತಪ್ಪಿನ ಲೆಕ್ಕ ಇಡಲು ತಕ್ಕ ಜಾಗ ಅದು. ದಂಡಕ್ಕೆ ಅರ್ಧ ರಿಯಾಯಿತಿ ಸಿಕ್ಕರೂ ಅಲ್ಲಿ ಸಿಗದಂತೆ ಮಾಡಬಹುದು.

ಈಗಿನ ಕಾನೂನು ಇನ್ನೊಂದು ದಿಕ್ಕಿನಲ್ಲೂ ಬಿಗಿಯಾಗಿದೆ. ಕ್ಲೇಮಿಗಿದ್ದ ಕಾಲಮಿತಿಯನ್ನು 1994ರಲ್ಲಿ ತೆಗೆದುಹಾಕಿದ್ದರು. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಸೊಂಟ ಮುರಿದು ಮಲಗಿದವನಿಗೆ ಆರು ತಿಂಗಳು ಆಸ್ಪತ್ರೆ ಮತ್ತು ಹಾಸಿಗೆಯ ನಡುವೆಯೇ ಕಳೆದುಹೋಗುತ್ತದೆ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಆದರೂ ಅದನ್ನು ನಂಬಿ ಕೂರುವುದಕ್ಕಿಂತ ಎಫ್‌ಐಆರ್ ಪ್ರತಿ, ವೂಂಡ್ ಸರ್ಟಿಫಿಕೇಟು, ಆಸ್ಪತ್ರೆ ಬಿಲ್ಲುಗಳನ್ನು ಕೂಡಲೇ ಒಟ್ಟುಮಾಡಿ ಅರ್ಜಿ ಹಾಕುವುದು ಲೇಸು. ಅಪಘಾತ ಪುಣೆಯಲ್ಲೇ ಆಗಿರಲಿ, ಕಲಬುರಗಿಯವರು ಕಲಬುರಗಿಯಲ್ಲೇ ಅರ್ಜಿ ಕೊಡಬಹುದು.