ಗಣಕಯಂತ್ರದ ಜೋಡಣೆ: ಹೊಂದಾಣಿಕೆಗೆ ಹೊಣೆ ಯಾರು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಬಿಡಿಭಾಗಗಳಿಂದ ಗಣಕಯಂತ್ರವನ್ನು ಜೋಡಿಸಿಕೊಳ್ಳುವುದುಂಟು. ಮದರ್‌ಬೋರ್ಡನ್ನು ಬೆಂಗಳೂರಿನ ಎಸ್.ಪಿ.ರಸ್ತೆಯಲ್ಲಿ, ಮೆಮೊರಿಯನ್ನು ಮೈಸೂರಿನಲ್ಲಿ ಕೊಂಡರೆ ಹಣವೇನೋ ಉಳಿದೀತು. ಯಂತ್ರ ಕೈಕೊಟ್ಟಾಗ ಮಾತ್ರ ಹೊಣೆ ಯಾರದೂ ಅಲ್ಲ.

ಡಿಡಿಆರ್4 ಬೋರ್ಡಿನಲ್ಲಿ ಡಿಡಿಆರ್5 ಮೆಮೊರಿ ಕೂರದು. ಹೊಸ ಪ್ರೊಸೆಸರನ್ನು ಹಳೆಯ ಬಯಾಸ್ ಗುರುತಿಸದಿರಬಹುದು. ಪವರ್ ಸಪ್ಲೈ ಸಾಲದಿದ್ದರೆ ಯಂತ್ರ ಕೆಲಸದ ನಡುವೆಯೇ ಆರಿಹೋದೀತು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದ್ದು, ವಿಂಡೋಸ್ 11ಕ್ಕೆ ಟಿಪಿಎಂ 2.0 ಅಗತ್ಯ. ಕೆಲವು ಯಂತ್ರಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ ನಿಷ್ಕ್ರಿಯವಾಗಿರುತ್ತದೆ. ಹೊಸ ಬೋರ್ಡು ಕೊಳ್ಳುವ ಮುನ್ನ ಇದನ್ನು ನೋಡುವುದು ಲೇಸು.

ದೋಷಶೋಧನೆಯೂ ಲೆಕ್ಕಪರಿಶೋಧನೆಯಂತೆಯೇ. ತಾಳೆಯಾಗದ ಲೆಕ್ಕದಲ್ಲಿ ನಮೂದುಗಳನ್ನು ಒಂದೊಂದಾಗಿ ನೋಡುವಂತೆ, ಒಂದೇ ಮೆಮೊರಿಯಿಂದ ಆರಂಭಿಸಿ ಭಾಗಗಳನ್ನು ಒಂದೊಂದಾಗಿ ಸೇರಿಸಿ ಪರೀಕ್ಷಿಸಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ದೋಷದ ಮೂಲ ತಿಳಿಯದು.

ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ 20ನೇ ತಾರೀಖು ಕಡೆಯ ದಿನ. ಯಂತ್ರ ಕೆಟ್ಟಿತೆಂದ ಮಾತ್ರಕ್ಕೆ ವಿಳಂಬ ಶುಲ್ಕ ತಪ್ಪದು. ಆದ್ದರಿಂದ ಎಲ್ಲ ಭಾಗಗಳನ್ನೂ ಒಬ್ಬರಲ್ಲೇ ಕೊಂಡು, ಮಾದರಿ ಹಾಗೂ ಕ್ರಮಸಂಖ್ಯೆ ನಮೂದಿಸಿದ ತೆರಿಗೆ ಬಿಲ್ಲನ್ನೂ ಹೊಂದಾಣಿಕೆಯ ಲಿಖಿತ ಭರವಸೆಯನ್ನೂ ಪಡೆಯುವುದು ವಿವೇಕ. ಬಿಲ್ಲಿಲ್ಲದ ಅಗ್ಗದ ಭಾಗಕ್ಕೆ ಹೂಡುವಳಿ ತೆರಿಗೆ ಜಮೆಯೂ ಇಲ್ಲ, ವಾರಂಟಿ ಕೇಳಲು ಆಧಾರವೂ ಇಲ್ಲ.