ಅಂಗಡಿಯಲ್ಲಿ ಕಲಿತದ್ದಕ್ಕೆ ಪದವಿಯಲ್ಲಿ ಲೆಕ್ಕ ಉಂಟೇ?

ಮೈಸೂರಿನ ಶ್ರೀರಾಂಪುರದಲ್ಲಿರಲಿ, ಮಂಗಳೂರಿನ ಬಂದರಿನಲ್ಲಿರಲಿ, ದೂರದ ದಮ್ಮಾಮ್‌ನಲ್ಲಿರಲಿ, ಪಿಯುಸಿ ಮುಗಿಸಿ ಅಂಗಡಿ ಸೇರಿದ ನಮ್ಮ ಹುಡುಗರ ಮಾತು ಒಂದೇ: ‘ಕೆಲಸ ಎಲ್ಲ ಗೊತ್ತುಂಟು, ಡಿಗ್ರಿ ಇಲ್ಲ’. ಸ್ಟಾಕ್ ನೋಡುವುದು, ಜಿಎಸ್‌ಟಿ ಲೆಕ್ಕ ಇಡುವುದು, ಹತ್ತು ಜನರಿಂದ ಕೆಲಸ ತೆಗೆಯುವುದು ಎಲ್ಲ ಬರುತ್ತದೆ. ಮ್ಯಾನೇಜರ್ ಹುದ್ದೆ ಬಂದಾಗ ಮಾತ್ರ ಸರ್ಟಿಫಿಕೇಟ್ ಇದ್ದವನು ಮುಂದೆ ಹೋಗುತ್ತಾನೆ.

ಶ್ರೀರಾಂಪುರದವರಿಗೆ ಇದಕ್ಕೊಂದು ದಾರಿ ಅವರ ಊರಿನಲ್ಲೇ ಉಂಟು. ಮೈಸೂರು ವಿವಿ 1969ರಲ್ಲಿ ಶುರುಮಾಡಿದ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಈಗ ಅದು ಕೆಲವು ಕೋರ್ಸ್‌ಗಳನ್ನು ಆನ್‌ಲೈನ್‌ನಲ್ಲೂ ನಡೆಸುತ್ತಿದೆ. ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳು ಕಾಲೇಜಿನ ಪದವಿಗೆ ಸಮಾನ ಎಂದು ಯುಜಿಸಿ 2020ರ ನಿಯಮಾವಳಿಯಲ್ಲೇ ಹೇಳಿದೆ. 2021ರ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯಲ್ಲಿ, ಗಳಿಸಿದ ಕ್ರೆಡಿಟ್‌ಗಳು ಏಳು ವರ್ಷದವರೆಗೆ ಖಾತೆಯಲ್ಲಿರುತ್ತವೆ. ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳಿಗೂ, ವೀಸಾ ಬಂತೆಂದು ಹೊರಟುಹೋದವರಿಗೂ ಇದು ಸಣ್ಣ ಸಂಗತಿಯಲ್ಲ.

ಆದರೆ ಕೊರತೆ ಇರುವುದು ಬೇರೆ ಕಡೆ. ಅಮೆರಿಕದಲ್ಲಿ 1997ರಲ್ಲಿ ಹುಟ್ಟಿದ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಲ್ಲಿ ಎಷ್ಟು ದಿನ ಕುಳಿತೆ ಎಂದು ಕೇಳುವುದಿಲ್ಲ, ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಬಂದರೆ ಮುಂದಿನ ವಿಷಯ. ಆರು ತಿಂಗಳಿಗೊಂದು ಫೀಸು, ಅಷ್ಟರಲ್ಲಿ ಎಷ್ಟು ವಿಷಯ ಮುಗಿಸಿದರೂ ಸರಿ. ನಮ್ಮಲ್ಲಿ ಹತ್ತು ವರ್ಷ ಲೆಕ್ಕ ಬರೆದವನೂ ಬಿಕಾಂಗೆ ಸೇರಿದರೆ ಮೊದಲ ಪಾಠದಿಂದಲೇ ಶುರುಮಾಡಬೇಕು. ಕೆಲಸದ ಅನುಭವವನ್ನೂ ಪರೀಕ್ಷಿಸಿ ಕ್ರೆಡಿಟ್ ಕೊಡಬಹುದು ಎಂದು 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಹೇಳುತ್ತದೆ. ಆ ಮಾತು ಮುಕ್ತ ವಿವಿಯ ಪ್ರವೇಶ ಕೌಂಟರ್‌ವರೆಗೆ ಬರಬೇಕು. ನಾವು ಸರಕಾರವನ್ನು ಕೇಳಬೇಕಾದದ್ದು ಇದನ್ನೇ.

ಅಲ್ಲಿಯವರೆಗೆ ಸೇರುವವರು ಜಾಗ್ರತೆ ವಹಿಸಬೇಕು. ಇದೇ ಮುಕ್ತ ವಿವಿಗೆ 2013-14ರಿಂದ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವೆ ಕಂಗಾಲಾದವರು ವಿದ್ಯಾರ್ಥಿಗಳು. ಆದ್ದರಿಂದ ಹಣ ಕಟ್ಟುವ ಮೊದಲು ಸಂಸ್ಥೆ, ಕೋರ್ಸ್, ವರ್ಷ ಮೂರನ್ನೂ ಯುಜಿಸಿ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ನೋಡಿ. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಪದವಿಯನ್ನು ಮನೆಯಲ್ಲೇ ಕೊಡಿಸುತ್ತೇವೆ ಎನ್ನುವ ಏಜೆಂಟರನ್ನು ನಂಬಬೇಡಿ, ಅವಕ್ಕೆ ಅನುಮತಿಯೇ ಇಲ್ಲ. ಕೊಲ್ಲಿಯ ಕೆಲವು ಕಡೆ ದೂರಶಿಕ್ಷಣದ ಪದವಿಗೆ ಸಮಾನತೆ ಸಿಗುವುದು ಕಷ್ಟ. ಹೊರಡುವವರು ಅದನ್ನು ಮೊದಲೇ ವಿಚಾರಿಸಿಕೊಳ್ಳಲಿ.

ನಮ್ಮ ಜಮಾಅತ್‌ಗಳು ಎಸೆಸೆಲ್ಸಿ, ಪಿಯುಸಿ ಮಕ್ಕಳನ್ನು ಸನ್ಮಾನಿಸುತ್ತವೆ, ಒಳ್ಳೆಯದೇ. ಪ್ರತಿ ಪ್ರವೇಶದ ಸಮಯದಲ್ಲಿ ಒಂದು ಜುಮಾ ಬಳಿಕ ಅರ್ಧ ಗಂಟೆ, ಓದು ಬಿಟ್ಟು ದುಡಿಯುತ್ತಿರುವವರಿಗೂ ಕೊಡಲಿ. ಅರ್ಜಿ ತುಂಬಿಸಲು, ಮಾನ್ಯತೆ ಪರಿಶೀಲಿಸಲು ಬಲ್ಲ ಇಬ್ಬರು ಯುವಕರು ಸಾಕು. ಮನೆಯ ಹೆಣ್ಣುಮಕ್ಕಳ ಅರ್ಜಿಯೂ ಅದರಲ್ಲಿ ಸೇರಲಿ.